ನೋಯಿಸಿದವರ ಪಾಲು

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ಅವರ ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ‘ಭಿತ್ತಿ’ ಓದಿದವರಿಗೆ ‘ಗೃಹಭಂಗ’ದ ನಂಜಮ್ಮ ಆಮೇಲೆ ಬರಿಯ ನಂಜಮ್ಮನಾಗಿ ಉಳಿಯಲಿಲ್ಲ, ಲೇಖಕರ ತಾಯಿಯೂ ಆದಳು. ಚೆನ್ನಿಗರಾಯನ ಹಿಂದೆ ತಂದೆ ಕಂಡರು, ಪುಟ್ಟ ವಿಶ್ವನೊಳಗೆ ಭೈರಪ್ಪನವರೇ ಕಂಡರು. ಕಾದಂಬರಿಯ ರಾಮಸಂದ್ರದ ಬೀದಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಅವರ ಹುಟ್ಟೂರು ಸಂತೇಶಿವರದ ಗುರುತುಗಳನ್ನು ಹುಡುಕುವುದೂ ಶುರುವಾಯಿತು. ಈ ಹುಡುಕಾಟ ನಮಗೆ ಬಹಳ ಇಷ್ಟ. ಶಿವರಾಮ ಕಾರಂತರ ‘ಬೆಟ್ಟದ ಜೀವ’ದಲ್ಲಿ ಕಥೆ ಹೇಳುವವನ ಹೆಸರು ಶಿವರಾಮಯ್ಯ, ಅವನ ಊರು ಪುತ್ತೂರು. ಅಷ್ಟು ಸಿಕ್ಕರೆ ಸಾಕು, ಗೋಪಾಲಯ್ಯ ಯಾರು, ಶಂಕರಮ್ಮ ಯಾರು ಎಂದು ಸುಬ್ರಹ್ಮಣ್ಯದ ಕಾಡಿನವರೆಗೂ ಹೊರಟುಬಿಡುತ್ತೇವೆ.

ಇಂಥವರೇ ಇಂಥ ಪಾತ್ರ ಎಂದು ಗೊತ್ತಾದ ಕೂಡಲೇ ಮಾತು ಮುಗಿಯಿತು ಎಂದುಕೊಳ್ಳುತ್ತೇವೆ. ಕೇಳಬೇಕಾದ ಪ್ರಶ್ನೆ ಅಲ್ಲಿಂದ ಮುಂದಿದೆ. ಬದುಕಿದ್ದ ಒಬ್ಬರನ್ನು ತಂದು ಕಾದಂಬರಿಯಲ್ಲಿ ಇಟ್ಟಾಗ ಅವರಿಗೆ ಅಲ್ಲಿ ಎಷ್ಟು ಜಾಗ ಸಿಕ್ಕಿತು? ಕನ್ನಡದ ಕಾದಂಬರಿಕಾರರು ತಾವು ಪ್ರೀತಿಸಿದವರಿಗೆ ಧಾರಾಳವಾಗಿ ಜಾಗ ಕೊಟ್ಟಿದ್ದಾರೆ. ನಮ್ಮ ಸಾಹಿತ್ಯದ ಕೆಲವು ದೊಡ್ಡ ಪಾತ್ರಗಳು ಹುಟ್ಟಿದ್ದೇ ಹಾಗೆ. ನೋಯಿಸಿದವರ ವಿಷಯ ಬಂದಾಗ ಮಾತ್ರ ಅವರ ಕೈ ಬಿಗಿಯಾಗುತ್ತದೆ. ಈ ಪರಂಪರೆಯ ನಿಜವಾದ ಪರೀಕ್ಷೆ ಇರುವುದು ಅಲ್ಲಿ ಎಂಬುದು ನನ್ನ ನಂಬಿಕೆ.

‘ಗೃಹಭಂಗ’ವನ್ನೇ ನೋಡಿ. ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯಲು ಬಾರದು. ಪುಸ್ತಕಕ್ಕೆ ಗೆರೆ ಹಾಕಿ, ಊರಿನ ಜಮಾಬಂದಿ ಲೆಕ್ಕವನ್ನೆಲ್ಲ ಬರೆದು ಮುಗಿಸುವವಳು ನಂಜಮ್ಮ. ಅದರಿಂದ ಬರುವ ಪೋಟಿಗೆಯ ಹಣ ಮನೆಗೆ ಬಂದರೆ ಬಂತು, ಇಲ್ಲದಿದ್ದರೆ ಗಂಡನ ನಾಲಗೆಗೆ ಹೋಯಿತು. ಅವಳು ಮುತ್ತುಗದ ಎಲೆ ಹಚ್ಚಿ, ಕಟ್ಟು ಕಟ್ಟಿ ಮಾರಿ ಮಕ್ಕಳ ಹೊಟ್ಟೆಗೆ ದಾರಿ ಮಾಡುತ್ತಾಳೆ. ಭೈರಪ್ಪನವರು ಅವಳನ್ನು ಎಲ್ಲೂ ಹೊಗಳುವುದಿಲ್ಲ. ಅವಳ ಕೆಲಸವನ್ನು ಒಂದಾದ ಮೇಲೊಂದರಂತೆ ಹೇಳುತ್ತಾ ಹೋಗುತ್ತಾರೆ, ಅಷ್ಟೇ. ಪ್ಲೇಗು ಬಂದು ಅವಳ ಮಕ್ಕಳಾದ ಪಾರ್ವತಿಯನ್ನೂ ರಾಮಣ್ಣನನ್ನೂ ಒಬ್ಬರ ಹಿಂದೆ ಒಬ್ಬರನ್ನು ಕರೆದೊಯ್ಯುವಾಗಲೂ ಬರವಣಿಗೆಯ ದನಿ ಏರುವುದಿಲ್ಲ. ಎಳೆತನದಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡ ಮಗ ಇಷ್ಟು ಸಂಯಮದಿಂದ ಬರೆಯಬಲ್ಲನೆಂದರೆ ಅದು ಸಾಮಾನ್ಯ ಸಾಧನೆಯಲ್ಲ. ಆ ಪುಟಗಳ ಮುಂದೆ ನಾನು ತಲೆಬಾಗುತ್ತೇನೆ.

ಅದೇ ಪುಸ್ತಕದಲ್ಲಿ ಚೆನ್ನಿಗರಾಯ ತಿನ್ನುತ್ತಾನೆ. ಮಕ್ಕಳು ಹಸಿದಿದ್ದರೂ ತಿನ್ನುತ್ತಾನೆ, ಮನೆ ಮುರಿದರೂ ತಿನ್ನುತ್ತಾನೆ. ಮೊದಲ ಸಲ ಓದಿದಾಗ ಸಿಟ್ಟು ಬರುತ್ತದೆ, ಎರಡನೆಯ ಓದಿನಲ್ಲಿ ಅನುಮಾನ ಬರುತ್ತದೆ. ಒಬ್ಬ ಮನುಷ್ಯನಿಗೆ ಅಷ್ಟೊಂದು ವರ್ಷಗಳಲ್ಲಿ ಹೊಟ್ಟೆ ಬಿಟ್ಟು ಮತ್ತೇನೂ ಇರಲಿಲ್ಲವೇ? ಹೆಂಡತಿ ತನಗಿಂತ ಬುದ್ಧಿವಂತೆ ಎಂಬುದು ಊರಿಗೆಲ್ಲ ಗೊತ್ತಿರುವಾಗ, ಆ ಅವಮಾನ ಅವನೊಳಗೆ ಎಲ್ಲೂ ಕುಟುಕಲಿಲ್ಲವೇ? ಅವನ ತಾಯಿ ಗಂಗಮ್ಮನಿಗಂತೂ ಬಾಯೊಂದೇ ಇದೆ. ಗಂಡನನ್ನು ಕಳೆದುಕೊಂಡು, ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು, ಶಾನುಭೋಗಿಕೆ ಕೈತಪ್ಪದಂತೆ ಊರ ಗಂಡಸರ ನಡುವೆ ಹೆಣಗಿದ ಹೆಂಗಸು ಅವಳು. ಆ ಬಾಯಿ ಬೆಳೆದದ್ದು ಹೇಗೆ ಎಂಬುದಕ್ಕೆ ಬೇಕಾದ ಸಾಮಗ್ರಿಯನ್ನು ಲೇಖಕರೇ ಒದಗಿಸುತ್ತಾರೆ, ಆಮೇಲೆ ಅದನ್ನು ಮರೆತುಬಿಡುತ್ತಾರೆ.

ಇದಕ್ಕೊಂದು ಸಮಾಧಾನ ಹೇಳಬಹುದು: ಹಸಿದ ಹುಡುಗನ ಕಣ್ಣಿಗೆ ಅಪ್ಪ ಹಾಗೆಯೇ ಕಂಡಿರುತ್ತಾನೆ, ಅಜ್ಜಿ ಹಾಗೆಯೇ ಕೇಳಿಸಿರುತ್ತಾಳೆ. ಆದರೆ ಕಾದಂಬರಿಯನ್ನು ಹೇಳುತ್ತಿರುವವನು ವಿಶ್ವನಲ್ಲ. ವಿಶ್ವ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಕಥೆ ಶುರುವಾಗುತ್ತದೆ, ಹೇಳುವವನು ಯಾರ ಮನೆಯೊಳಗಾದರೂ ಹೋಗಬಲ್ಲ, ಯಾರ ಮನಸ್ಸನ್ನಾದರೂ ಹೊಕ್ಕು ಬರಬಲ್ಲ. ಚೆನ್ನಿಗರಾಯನ ಮನಸ್ಸಿನ ಬಾಗಿಲಲ್ಲಿ ಅವನು ನಿಲ್ಲುವುದಿಲ್ಲ. ಮಗನಿಗೆ ಆ ಹಕ್ಕಿದೆ ಎಂದು ಯಾರಾದರೂ ಒಪ್ಪುತ್ತಾರೆ. ಕಾದಂಬರಿಕಾರನಿಗೆ ಇದೆಯೇ ಎಂಬುದು ನನ್ನ ತಕರಾರು. ಚೆನ್ನಿಗರಾಯನ ತಮ್ಮ ಅಪ್ಪಣ್ಣಯ್ಯನಾದರೂ ಕಥೆ ಸಾಗಿದಂತೆ ಒಂದಿಷ್ಟು ಮೆತ್ತಗಾಗುತ್ತಾನೆ, ಅತ್ತಿಗೆಯ ಬೆಲೆ ಅವನಿಗೆ ತಿಳಿಯುತ್ತದೆ. ಅಂದರೆ ಭೈರಪ್ಪನವರಿಗೆ ಅದು ಸಾಧ್ಯವಿತ್ತು.

‘ಗೃಹಭಂಗ’ ಬಂದ ಆರು ವರ್ಷಕ್ಕೆ, 1976ರಲ್ಲಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂತು. ಇವೆರಡನ್ನೂ ಜೊತೆಗಿಟ್ಟು ಓದಬೇಕು. ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು. ತನ್ನ ಕಥೆಯನ್ನು ಆಕೆ ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದರು, ಅದು ಮಗಳ ಕಿವಿಗೆ ಬಿತ್ತು. ಮೈನೆರೆಯುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, 112 ವರ್ಷ ಬದುಕಿದ ಮಲೆನಾಡಿನ ಅಜ್ಜಿ. ಬರಹಗಾರ್ತಿಯ ಮನೆಮಾತಿನಂಥ ಕನ್ನಡದಲ್ಲಿ ಆ ಬಾಳು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ದಾಕ್ಷಾಯಣಿ ಎಂಬ ಹುಡುಗಿ ವಿಧವೆಯಾಗಿ, ತಲೆ ಬೋಳಿಸಲು ಒಪ್ಪದೆ ನಿಂತಾಗ, ಮನೆಯ ಹಿರಿಯರೆಲ್ಲ ಕಿರುಚಾಡುತ್ತಿದ್ದರೆ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ಶಾಸ್ತ್ರಕ್ಕೆ ತಲೆಬಾಗಿ ಬದುಕಿದವಳು, ಅದು ಮತ್ತೊಬ್ಬಳ ಮೇಲೆ ಬೀಳದಂತೆ ತಡೆಯುತ್ತಾಳೆ. ಆ ಒಂದು ನಿಲುವಿನಲ್ಲಿ ಅವಳ ಒಳಗಿನ ಅಷ್ಟೂ ವರ್ಷಗಳು ಕಾಣುತ್ತವೆ.

ಗಂಗಮ್ಮನೂ ವಿಧವೆ, ಫಣಿಯಮ್ಮನೂ ವಿಧವೆ. ಒಬ್ಬಳನ್ನು ಅವಳಿಂದ ಪ್ರೀತಿ ಕಂಡ ಮನೆಯವರು ನೆನಪಿಸಿಕೊಂಡರು, ಇನ್ನೊಬ್ಬಳನ್ನು ಅವಳಿಂದ ನೊಂದ ಮನೆಯವರು. ಇಂದಿರಾ ಅವರ ಕಾದಂಬರಿಗೂ ಒಂದು ಮಿತಿಯಿದೆ. ಫಣಿಯಮ್ಮನಿಗೆ ಸಿಟ್ಟೇ ಬರುವುದಿಲ್ಲ, ಆಸೆಯೇ ಇಲ್ಲ. ಅಷ್ಟು ಸುದೀರ್ಘ ಬಾಳಿನಲ್ಲಿ ಒಂದು ರಾತ್ರಿಯಾದರೂ ಆಕೆ ಯಾರನ್ನಾದರೂ ಶಪಿಸಿರಬೇಕು. ಗೌರವ ಅತಿಯಾದರೂ ಮನುಷ್ಯರು ಪಾತ್ರದಿಂದ ಜಾರಿಹೋಗುತ್ತಾರೆ.

ಮನೆಯವರನ್ನು ಬಿಟ್ಟು ಸಾರ್ವಜನಿಕ ವ್ಯಕ್ತಿಗಳ ಕಡೆ ಬಂದರೆ ತೊಡಕು ಬೇರೆ ರೀತಿಯದು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರದ್ದು. ಅದರ ನಾಯಕ ಕೃಷ್ಣಪ್ಪ ಗೌಡನ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿದ್ದಾರೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಗೋಪಾಲಗೌಡರು ತೀರಿಕೊಂಡದ್ದು 1972ರಲ್ಲಿ, ತುರ್ತುಪರಿಸ್ಥಿತಿಯನ್ನು ಅವರು ಕಾಣಲಿಲ್ಲ. ಆ ದಿನಗಳನ್ನು ಕಂಡ ಗೆಳೆಯ, ಗೌಡರ ನೆರಳಿನಂತಿರುವ ನಾಯಕನನ್ನು ಪಾರ್ಶ್ವವಾಯು ಹೊಡೆದ ಮೈಯಲ್ಲಿ ಮಂಚದ ಮೇಲೆ ಮಲಗಿಸಿ, ಮುಖ್ಯಮಂತ್ರಿ ಗಾದಿಯ ಆಮಿಷವನ್ನು ಅವನ ಮುಂದೆ ಇಟ್ಟ. ತಾನು ಮೆಚ್ಚಿದ ನಾಯಕನನ್ನು ಪೂಜಿಸಲು ಅನಂತಮೂರ್ತಿ ಒಪ್ಪಲಿಲ್ಲ. ಕೃಷ್ಣಪ್ಪನ ಅಹಂಕಾರ, ಕ್ರೌರ್ಯ, ತನ್ನ ಮೇಲೆ ತನಗೇ ಹುಟ್ಟುವ ಹೇಸಿಗೆ ಎಲ್ಲವೂ ಅಲ್ಲಿವೆ. ಇದು ಪ್ರೀತಿಯಿದ್ದೂ ಕಣ್ಣು ಮುಚ್ಚದ ಬರವಣಿಗೆ.

ಆದರೆ ಸೀತೆ? ಕೃಷ್ಣಪ್ಪನ ಹೆಂಡತಿ ಆ ಕಾದಂಬರಿಯಲ್ಲಿ ಗೊಣಗುತ್ತಾಳೆ, ಸಂಸಾರದ ಸಣ್ಣತನವಾಗಿ ಬರುತ್ತಾಳೆ. ಅವನ ಗೆಳತಿ ಗೌರಿ ದೇಶಪಾಂಡೆಗೆ ದಕ್ಕುವ ಬೆಳಕು ಅವಳಿಗೆ ಸಿಗುವುದಿಲ್ಲ. ನಾಯಕನನ್ನು ಗುರುತಿಸಿದ ಓದುಗ ಅಲ್ಲಿಗೇ ನಿಲ್ಲುವುದಿಲ್ಲ, ಅವನ ಮನೆಯವರ ಮೇಲೂ ಅದೇ ಗುರುತನ್ನು ಹಚ್ಚುತ್ತಾನೆ. ಸಭೆಗಳಲ್ಲಿ ಮಾತಾಡಿ, ಚುನಾವಣೆಗೆ ನಿಂತು ಬದುಕಿದ ವ್ಯಕ್ತಿ ಕಾದಂಬರಿಯ ಈ ಪರೀಕ್ಷೆಯನ್ನು ತಾಳಿಕೊಳ್ಳಬಲ್ಲ. ಎಂದೂ ವೇದಿಕೆ ಹತ್ತದ ಮನೆಯವರು ಅದನ್ನು ಏಕೆ ಹೊರಬೇಕು? ಸೀತೆ ಪೂರ್ತಿ ಕಲ್ಪನೆಯೇ ಆಗಿದ್ದರೂ ಓದುಗರ ಗುಮಾನಿಯಿಂದ ಯಾರಿಗೂ ಬಿಡುಗಡೆ ಇಲ್ಲ. ಸೀತೆಗೆ ಅವಳದೇ ಆದ ಒಂದು ಒಳಬದುಕನ್ನು ಕೊಟ್ಟಿದ್ದರೆ ಅದೇ ಅವಳಿಗೂ, ಹೊರಗಿನವರಿಗೂ ರಕ್ಷಣೆಯಾಗುತ್ತಿತ್ತು.

ನಿರಂಜನರ ‘ಚಿರಸ್ಮರಣೆ’ (1955) ಹೆಸರುಗಳನ್ನೂ ಮರೆಮಾಚಲಿಲ್ಲ. ಕಯ್ಯೂರಿನ ರೈತ ಹೋರಾಟದಲ್ಲಿ ಗಲ್ಲಿಗೇರಿದ ಅಪ್ಪು, ಚಿರುಕಂಡ, ಕುಂಞಂಬು, ಅಬೂಬಕರ್ ಅಲ್ಲಿ ಅದೇ ಹೆಸರಿನಲ್ಲಿ ಬರುತ್ತಾರೆ. ಆ ನಾಲ್ವರು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಪ್ರಾಣ ಬಿಟ್ಟರು. ಹುತಾತ್ಮರ ಹೆಸರನ್ನು ಬದಲಿಸುವುದು ಅವರನ್ನು ಎರಡನೆಯ ಸಲ ಅಳಿಸಿದಂತೆ, ಆದ್ದರಿಂದ ಹೆಸರುಗಳನ್ನು ಉಳಿಸಿಕೊಂಡದ್ದು ಸರಿ. ಇಬ್ಬರು ರೈತ ಹುಡುಗರು ಅಕ್ಷರ ಕಲಿತು ಲೋಕ ಅರಿಯುವ ಭಾಗಗಳು ಈಗಲೂ ಹಸಿಯಾಗಿವೆ. ಜಮೀನ್ದಾರರು ಮಾತ್ರ ನಾಟಕದ ಖಳರು. ಆ ಹೋರಾಟದ ನಡುವೆ ಹೊಳೆಗೆ ಬಿದ್ದು ಸತ್ತ ಪೊಲೀಸ್ ಪೇದೆಯೂ ಯಾರದೋ ಮನೆಯ ನಿಜವಾದ ಮನುಷ್ಯನೇ. ಅವನ ಪಕ್ಕದಲ್ಲಿ ಕಾದಂಬರಿ ಅರೆಗಳಿಗೆಯೂ ಕೂರುವುದಿಲ್ಲ. ಕೂತಿದ್ದರೆ ನಾಲ್ವರ ತ್ಯಾಗಕ್ಕೆ ಏನೂ ಕುಂದಾಗುತ್ತಿರಲಿಲ್ಲ.

ಮೆಚ್ಚದವರಿಗೆ ಜಾಗ ಕೊಡದ ಈ ಕಟ್ಟಿನಿಂದ ಬಹುಮಟ್ಟಿಗೆ ಬಿಡಿಸಿಕೊಂಡವರು ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ದ (1980) ಕೆಲಸದಾಳು ಪ್ಯಾರ, ಕಿವಿ ಎಂಬ ನಾಯಿ ಆಮೇಲೆ ‘ಪರಿಸರದ ಕಥೆ’ಯಲ್ಲೂ ಅದೇ ಹೆಸರಿನಲ್ಲಿ ಓಡಾಡುತ್ತಾರೆ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂಬ ಗೆರೆಯನ್ನೇ ಅವರು ಅಳಿಸಿಬಿಟ್ಟರು. ಕಥೆ ಹೇಳುವ ‘ನಾನು’ ಮೂಡಿಗೆರೆಯ ಕೃಷಿಕ, ಓದಿಕೊಂಡವನು, ಸುತ್ತಲಿನವರ ಮೇಲೆ ಬೇಗ ರೇಗುವವನು. ಮಂದಣ್ಣ ಅವನಿಗೆ ಕೆಲಸಕ್ಕೆ ಬಾರದ ಅಲೆಮಾರಿಯಾಗಿ ಕಾಣುತ್ತಾನೆ. ಒಂದು ಸರ್ಕಾರಿ ನೌಕರಿ ಸಿಕ್ಕರೆ ಮದುವೆಯಾಗಬಹುದು ಎಂದು ಹಂಬಲಿಸುವ ಆ ಜೇನು ಹಿಡಿಯುವವನನ್ನು ವಿಜ್ಞಾನಿ ಕರ್ವಾಲೊ ಅಷ್ಟು ಮರ್ಯಾದೆಯಿಂದ ಏಕೆ ನಡೆಸಿಕೊಳ್ಳುತ್ತಾರೆ ಎಂಬುದೇ ಅವನಿಗೆ ಅರ್ಥವಾಗುವುದಿಲ್ಲ. ಕರ್ವಾಲೊ ಹುಡುಕುವ ಹಾರುವ ಓತಿಯನ್ನು ಕಂಡವನು ಮಂದಣ್ಣ. ಕಾಡನ್ನು ನೋಡಬಲ್ಲ ಕಣ್ಣು ಅವನಲ್ಲಿದೆ, ಹೇಳುತ್ತಿರುವವನಲ್ಲಿ ಇಲ್ಲ. ಮಂದಣ್ಣನ ಮೂಲ ಯಾರೇ ಇರಲಿ, ಅವನ ಬಗ್ಗೆ ಬರೆಯುವವನಿಗಿದ್ದ ಅಭಿಪ್ರಾಯ ಕಾದಂಬರಿಯೊಳಗೇ ಸೋಲುತ್ತದೆ. ಆ ಸೋಲನ್ನು ತೇಜಸ್ವಿ ಅಡಗಿಸದೆ, ಅದರ ಮೇಲೆಯೇ ಕಥೆಯನ್ನು ನಡೆಸಿದರು. ಚೆನ್ನಿಗರಾಯನ ಎದುರು ಭೈರಪ್ಪನವರು, ಸೀತೆಯ ಎದುರು ಅನಂತಮೂರ್ತಿಯವರು ಒಂದು ಪುಟದ ಮಟ್ಟಿಗಾದರೂ ಹೀಗೆ ಸೋತಿದ್ದರೆ, ನಂಜಮ್ಮನೂ ಕೃಷ್ಣಪ್ಪನೂ ಈಗಿರುವುದಕ್ಕಿಂತ ದೊಡ್ಡವರಾಗುತ್ತಿದ್ದರು.