ಕಾರಿಲ್ಲದೆ ಎರಡು ದಿನ ಮೈಸೂರು: ಒಂದು ಯೋಜನಾಕ್ರಮದ ವಿಮರ್ಶೆ

ವಾರಾಂತ್ಯದ ಒಂದೆರಡು ದಿನಗಳಲ್ಲಿ ಒಂದೇ ಊರನ್ನು ನೋಡಿಕೊಂಡು ಬರುವ ಕಿರುಪ್ರವಾಸಕ್ಕೆ ಬೆಂಗಳೂರಿನವರು ಮೊದಲು ನೆನೆಯುವ ನಗರ ಮೈಸೂರು. ಆ ಪ್ರವಾಸಕ್ಕೆಂದು ಸಿದ್ಧವಾಗಿರುವ ಸ್ಥಳಗಳ ಪಟ್ಟಿಯೂ ಎಲ್ಲರಿಗೂ ಬಾಯಿಪಾಠ. ಬೆಳಗಿನ ಜಾವ ಹೊರಟು ದಾರಿಯಲ್ಲಿ ಶ್ರೀರಂಗಪಟ್ಟಣ, ಅಲ್ಲಿಂದ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಹೊತ್ತು ಮುಳುಗುವಾಗ ಕನ್ನಂಬಾಡಿಯ ಬೃಂದಾವನ ಎಂಬ ಈ ಸರಣಿ ಪ್ರವಾಸಿ ಬಸ್ಸುಗಳ ಒಂದು ದಿನದ ದರ್ಶನಕ್ಕೂ ಸ್ವಂತ ಕಾರಿನವರ ಎರಡು ದಿನದ ಓಡಾಟಕ್ಕೂ ಸಮನಾಗಿ ಒದಗುತ್ತ ಬಂದಿದೆ. ನೋಡಬೇಕಾದ ಪ್ರತಿಯೊಂದು ಸ್ಥಳದ ಬಾಗಿಲಲ್ಲೂ ಒಂದು ಗಾಡಿ ಕಾದು ನಿಂತಿರುತ್ತದೆ, ಸಾಮಾನು ಅದರೊಳಗೇ ಇರುತ್ತದೆ, ಹೊರಟ ಕೂಡಲೇ ಮುಂದಿನ ಸ್ಥಳ ಸಿಕ್ಕುತ್ತದೆ ಎಂಬ ಮೂರು ಗ್ರಹಿಕೆಗಳ ಮೇಲೆ ಈ ಸರಣಿ ನಿಂತಿದೆ. ಕಾರಿಲ್ಲದೆ ಹೊರಡುವವರು ಹೆಚ್ಚಾಗಿ ಇದೇ ಪಟ್ಟಿಯನ್ನು ಕೈಗೆತ್ತಿಕೊಂಡು, ಕಾರಿನ ಜಾಗದಲ್ಲಿ ಬಸ್ಸನ್ನೋ ಆಟೋವನ್ನೋ ಇಟ್ಟು, ಎರಡನೆಯ ಮಧ್ಯಾಹ್ನದ ಹೊತ್ತಿಗೆ ದಣಿದು, ಗಾಡಿಯಿಲ್ಲದೆ ಮೈಸೂರು ನೋಡಲಾಗದು ಎಂದು ಊರಿನ ಮೇಲೆ ತಪ್ಪು ಹೊರಿಸುತ್ತಾರೆ. ತಪ್ಪು ಪಟ್ಟಿಯದು. ಸ್ಥಳಗಳ ಹೆಸರುಗಳನ್ನು ಬದಿಗಿಟ್ಟು ತಂಗುವ ಜಾಗ, ವಾರದ ದಿನ, ಮರಳುವ ಬಸ್ಸಿನ ಹೊತ್ತು ಇವುಗಳಿಂದ ಯೋಜನೆಯನ್ನು ಕಟ್ಟಿದರೆ, ಹಳೆಯ ಮೈಸೂರಿನ ಮಟ್ಟಿಗಾದರೂ ಕಾರಿಲ್ಲದವರು ಕಾರಿನವರಿಗಿಂತ ಹೆಚ್ಚನ್ನು, ಚೆನ್ನಾಗಿ ನೋಡಿಬರುವುದು ಸಾಧ್ಯ.

ಬೆಂಗಳೂರಿನಿಂದ ಹೋಗುವ ದಾರಿಯ ಚರ್ಚೆ ಈಚಿನ ವರ್ಷಗಳಲ್ಲಿ ವೇಗದ ಲೆಕ್ಕವೊಂದಕ್ಕೇ ಕುಗ್ಗಿಹೋಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಎರಡು ನಗರಗಳ ನಡುವಿನ ಪ್ರಯಾಣವನ್ನು ಒಂದೂಕಾಲು ಗಂಟೆಗೆ ಇಳಿಸುತ್ತದೆಂದು ಆಗ ಸಾರಲಾಯಿತಾದರೂ, ಆ ಅಳತೆ ಒಂದು ಊರಿನ ಅಂಚಿನಿಂದ ಮತ್ತೊಂದರ ಅಂಚಿಗೆ ಮಾತ್ರ ಸಲ್ಲುತ್ತದೆ; ಮನೆಯಿಂದ ಬೆಂಗಳೂರಿನ ಅಂಚನ್ನು ಮುಟ್ಟುವ ಹೊತ್ತು, ಸುಂಕದ ಕಟ್ಟೆ, ಮೈಸೂರಿನೊಳಗೆ ಗಾಡಿ ನಿಲ್ಲಿಸಲು ಜಾಗ ಹುಡುಕುವ ಹೊತ್ತು ಅದರಲ್ಲಿ ಸೇರುವುದಿಲ್ಲ. ರೈಲು ಊರಿನ ಹೊಟ್ಟೆಯಿಂದ ಊರಿನ ಹೊಟ್ಟೆಗೇ ಹೋಗುತ್ತದೆ. ಬೆಂಗಳೂರಿನ ನಿಲ್ದಾಣಕ್ಕೆ ಮೆಟ್ರೊ ಮತ್ತು ಮೆಜೆಸ್ಟಿಕ್ ಬಸ್ ನಿಲ್ದಾಣಗಳು ತಾಗಿಕೊಂಡಿವೆ. ಮೈಸೂರಿನ ನಿಲ್ದಾಣದಿಂದ ದೇವರಾಜ ಮಾರುಕಟ್ಟೆ ನಡಿಗೆಯ ದೂರದಲ್ಲಿದೆ. ಸುಮಾರು 139 ಕಿಲೋಮೀಟರಿನ ಈ ಹಳಿ ಜೋಡಿಮಾರ್ಗವಾಗಲು ಎಷ್ಟು ಕಾಲ ಹಿಡಿಯಿತೆಂಬುದಕ್ಕೆ ಶ್ರೀರಂಗಪಟ್ಟಣವೇ ಸಾಕ್ಷಿ: ಅಲ್ಲಿ ಹಳಿಯ ದಾರಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಒಡೆಯದೆ, 2017ರಲ್ಲಿ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದ ಮೇಲೆಯೇ ಎರಡನೆಯ ಹಳಿಗೆ ಜಾಗವಾಯಿತು. ಇಂದು 2022ರ ನವೆಂಬರಿನಲ್ಲಿ ಶುರುವಾದ ಚೆನ್ನೈ–ಮೈಸೂರು ವಂದೇ ಭಾರತ್‌ನಂಥ ದುಬಾರಿ ಗಾಡಿಯಿಂದ ಹಿಡಿದು ಚಾಮುಂಡಿ, ಒಡೆಯರ್ ಎಕ್ಸ್‌ಪ್ರೆಸ್‌ಗಳಂಥ ದಿನಬಳಕೆಯ ಗಾಡಿಗಳವರೆಗೆ ಎರಡರಿಂದ ಮೂರು ಗಂಟೆಯಲ್ಲಿ ತಲುಪಿಸುವ ಆಯ್ಕೆಗಳಿವೆ. ಇವುಗಳಲ್ಲಿ ವೇಗದ್ದನ್ನೇ ಆರಿಸುವುದು ಎರಡು ದಿನದ ಪ್ರವಾಸಿಗೆ ಅಷ್ಟೇನೂ ಮುಖ್ಯವಲ್ಲ. ಹೋಗುವಾಗ ಯಾವ ಗಾಡಿಯಾದರೂ ನಡೆದೀತು, ಮರಳುವ ಭಾನುವಾರ ಸಂಜೆಯ ಆಸನವನ್ನು ಮುಂಚೆಯೇ ಕಾಯ್ದಿರಿಸದಿದ್ದರೆ ಆ ದಿನದ ಮಧ್ಯಾಹ್ನವೆಲ್ಲ ಹಿಂದಿರುಗುವ ಚಿಂತೆಯಲ್ಲೇ ಕಳೆದುಹೋಗುತ್ತದೆ.

ಯೋಜನೆಯ ನಿಜವಾದ ತಿರುಳು ತಂಗುವ ಜಾಗದ ಆಯ್ಕೆಯಲ್ಲಿದೆ. ಕಾರಿನವರಿಗೆ ವರ್ತುಲ ರಸ್ತೆಯ ಬದಿಯ ಹೊಸ ಹೋಟೆಲೂ ಒಂದೇ, ಗಾಂಧಿ ಚೌಕದ ಹಳೆಯ ಲಾಡ್ಜೂ ಒಂದೇ. ಕಾರಿಲ್ಲದವರಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಇಡೀ ಪ್ರವಾಸದ ಗುಣವನ್ನು ನಿರ್ಧರಿಸುತ್ತದೆ. ಪಶ್ಚಿಮಕ್ಕೆ ರೈಲು ನಿಲ್ದಾಣ, ಪೂರ್ವಕ್ಕೆ ಹೊರ ಊರುಗಳ ಬಸ್ಸು ಹೊರಡುವ ನಿಲ್ದಾಣ, ದಕ್ಷಿಣಕ್ಕೆ ಅರಮನೆ, ನಡುವೆ ಧನ್ವಂತರಿ ರಸ್ತೆ, ಸಯ್ಯಾಜಿರಾವ್ ರಸ್ತೆ, ಮಾರುಕಟ್ಟೆ ಮತ್ತು ದೊಡ್ಡ ಗಡಿಯಾರ ಇರುವ ಎರಡು ಕಿಲೋಮೀಟರ್ ಆಸುಪಾಸಿನ ಪ್ರದೇಶದೊಳಗೆ ಕೋಣೆ ಹಿಡಿದರೆ, ಮಧ್ಯಾಹ್ನದ ಬಿಸಿಲಿಗೆ ಹಿಂದಿರುಗಿ ಒಂದು ಗಳಿಗೆ ಮಲಗಿ ಎದ್ದು ಮತ್ತೆ ಹೊರಡುವ ಅನುಕೂಲ ದೊರೆಯುತ್ತದೆ, ಈ ವಿರಾಮಕ್ಕೆ ಯಾವ ಮಾರ್ಗದರ್ಶಿ ಪುಸ್ತಕವೂ ಪಟ್ಟಿಯಲ್ಲಿ ಜಾಗ ಕೊಡುವುದಿಲ್ಲವಾದರೂ. ಈ ಪ್ರದೇಶ ನಡೆಯುವವರಿಗೆ ಒಗ್ಗುವುದಕ್ಕೆ ಕಾರಣ ಚರಿತ್ರೆಯದು. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋಗಿ 1912ರಲ್ಲಿ ಹೆನ್ರಿ ಇರ್ವಿನ್ನನ ವಿನ್ಯಾಸದ ಹೊಸ ಅರಮನೆ ಮುಗಿದದ್ದು, 1903ರಲ್ಲಿ ನಗರವನ್ನು ತಿದ್ದಿ ಬೆಳೆಸುವುದಕ್ಕೆಂದೇ ಒಂದು ವಿಶ್ವಸ್ಥ ಮಂಡಳಿ ರಚನೆಯಾದದ್ದು, ಎರಡೂ ಕಾರು ಇನ್ನೂ ಅಪರೂಪದ ವಸ್ತುವಾಗಿದ್ದ ಕಾಲದ ಮಾತು. ಆಗಿನ ರಸ್ತೆಗಳಿಗೆ ಅಳತೆಗೋಲಾಗಿದ್ದದ್ದು ಟಾಂಗಾ, ಸಾರೋಟು ಮತ್ತು ನಡೆಯುವ ಜನ. ದಸರಾ ಮೆರವಣಿಗೆಯ ಆನೆಗಳೂ ಈ ಅಳತೆಗೆ ಸೇರುತ್ತವೆ ಎಂದರೆ ಅತಿಶಯವಲ್ಲ.

ಹಾಗೆಂದು ನಡಿಗೆ ಎಲ್ಲೆಡೆಯೂ ಸಲೀಸು ಎನ್ನಲಾಗದು. ನಗರದೊಳಗಿನ ಬಸ್ಸುಗಳ ನಿಲ್ದಾಣ ಅರಮನೆಯ ಉತ್ತರದ ಕೋಟೆಗೋಡೆಯ ಪಕ್ಕದಲ್ಲೇ ಇದ್ದರೂ, ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದ ಕಡೆಯಿಂದ; ಆದ್ದರಿಂದ ಬಸ್ಸಿಳಿದು ಎದುರಿಗೇ ಅರಮನೆಯ ಗೋಪುರವನ್ನು ಕಂಡವರು ಒಳಹೋಗಲು ಗೋಡೆಯನ್ನು ಬಳಸಿಕೊಂಡು ಅರ್ಧ ಸುತ್ತು ನಡೆಯಬೇಕು. ಗುಂಪಾಗಿ ಬರುವ ಪ್ರವಾಸಿ ಬಸ್ಸುಗಳಿಗೆ ಅನುಕೂಲವಾದ ವ್ಯವಸ್ಥೆ ನಗರ ಬಸ್ಸಿನಲ್ಲಿ ಬಂದವರಿಗೆ ಬೆನ್ನು ತಿರುಗಿಸಿದೆ. ಎರಡು ಬಸ್ ನಿಲ್ದಾಣಗಳೂ ಬೇರೆ ಬೇರೆ ಎಂಬ ಸಂಗತಿ ಹೊಸಬರನ್ನು ಇನ್ನಷ್ಟು ಗಲಿಬಿಲಿಗೊಳಿಸುತ್ತದೆ: ಬೆಟ್ಟಕ್ಕೂ ಕನ್ನಂಬಾಡಿಗೂ ನಗರ ನಿಲ್ದಾಣದಿಂದ, ಬನ್ನೂರಿಗೋ ನಂಜನಗೂಡಿಗೋ ಹೋಗುವ ದೂರದ ಬಸ್ಸುಗಳು ಗ್ರಾಮಾಂತರ ನಿಲ್ದಾಣದಿಂದ. ಅರಮನೆಯ ಪಶ್ಚಿಮಕ್ಕೆ ಹತ್ತಿರದಲ್ಲೇ ಇರುವ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯನ್ನು ಕಾರಿನ ಪಟ್ಟಿ ಆಗಾಗ ಬಿಟ್ಟೇಬಿಡುತ್ತದೆ. ರವಿವರ್ಮನ ಚಿತ್ರಗಳಿರುವ ಅದರ ಕಲಾಶಾಲೆಗೆ ನಡೆದು ಹೋಗುವವರಿಗೆ ಅದು ದಾರಿಯಲ್ಲೇ ಸಿಕ್ಕುವ ಲಾಭ.

ಕಾರಿಲ್ಲದ ಕ್ರಮದ ಮೇಲ್ಮೆ ಅತ್ಯಂತ ನಿಚ್ಚಳವಾಗಿ ಕಾಣುವುದು ಚಾಮುಂಡಿ ಬೆಟ್ಟದಲ್ಲಿ. ಕಾರಿನಲ್ಲಿ ಮೇಲೆ ಹೋದವರು ನಿಲ್ಲಿಸಿದ ಗಾಡಿಗೆ ಮರಳಿ ಬರಲೇಬೇಕಾದ್ದರಿಂದ ಬೆಟ್ಟದ ತುದಿ ಅವರಿಗೆ ಹೋಗಿ ಹಿಂದಿರುಗುವ ಒಂದು ಬಿಂದು ಮಾತ್ರ. ನಂದಿಯನ್ನು ನೋಡಬೇಕಾದರೆ ಇಳಿಯುವಾಗ ಮತ್ತೊಮ್ಮೆ ಗಾಡಿ ನಿಲ್ಲಿಸಬೇಕು. ನಗರ ನಿಲ್ದಾಣದಿಂದ 201ನೇ ಸಂಖ್ಯೆಯ ಬಸ್ಸಿನಲ್ಲಿ ಮೇಲೇರಿದವರಿಗೆ ಹಿಂದೆ ಬಿಟ್ಟುಬಂದ ಯಾವ ಗಾಡಿಯೂ ಇಲ್ಲ. ದೇವಾಲಯ ನೋಡಿ, ಸಾವಿರದಷ್ಟಿರುವ ಮೆಟ್ಟಿಲುಗಳ ಸಾಲಿನಲ್ಲಿ ಇಳಿಯುತ್ತ ಬಂದರೆ ನಡುವೆ ದೊಡ್ಡ ದೇವರಾಜ ಒಡೆಯರ ಕಾಲದ, 17ನೆಯ ಶತಮಾನದ ಏಕಶಿಲಾ ನಂದಿ ತಾನಾಗಿ ಎದುರಾಗುತ್ತದೆ, ಊರೆಲ್ಲ ಕೆಳಗೆ ಹರಡಿಕೊಂಡಿರುತ್ತದೆ, ಪಾದದ ಬಳಿ ಆಟೋ ಹಿಡಿದರೆ ಊರು ಸೇರಬಹುದು. ಹೀಗೆ ಒಂದು ಕಡೆಯಿಂದ ಹತ್ತಿ ಮತ್ತೊಂದು ಕಡೆ ಇಳಿಯುವ ಏಕಮುಖ ಚಲನೆ ಸಾರ್ವಜನಿಕ ಸಾರಿಗೆ ಕೊಡುವ ಸ್ವಾತಂತ್ರ್ಯ. ಕಾರನ್ನು ಸ್ವಾತಂತ್ರ್ಯದ ಇನ್ನೊಂದು ಹೆಸರೆಂದು ಹೊಗಳುವ ಬರಹಗಳು ಇದನ್ನು ಗಮನಿಸುವುದಿಲ್ಲ. ಮಂಡಿನೋವಿನವರಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟವೆಂಬುದು ನಿಜ, ಅವರಿಗೆ ಅದೇ ಬಸ್ಸು ಮರಳಿಯೂ ಇದೆ.

ವಾರದ ದಿನದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಹಾಗೂ ಸಾರ್ವಜನಿಕ ರಜೆಗಳ ಸಂಜೆ ಏಳರ ಸುಮಾರಿಗೆ, ಅದೂ ಒಂದು ಗಂಟೆಯೊಳಗೆ ಮುಗಿಯುವಂಥದು. ಶನಿವಾರ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಡುವವರು ದೀಪವನ್ನು ಬಿಟ್ಟುಕೊಡಬೇಕು, ಭಾನುವಾರ ಬೆಳಗ್ಗೆ ಬಂದು ಸೋಮವಾರ ಮರಳುವವರಿಗೆ ಅದು ದಕ್ಕುತ್ತದೆ, ಕೋಣೆಯೂ ಸುಲಭವಾಗಿ ಸಿಗುವ ಸಂಭವವಿದೆ. ರಜೆ ಹಾಕಲು ಸಾಧ್ಯವಿರುವವರಿಗೆ ಎರಡನೆಯದೇ ಮೇಲು.

ಪಟ್ಟಿಯಲ್ಲಿ ದಾರಿಯ ಮೇಲಿನ ತಂಗುದಾಣವಾಗಿರುವ ಶ್ರೀರಂಗಪಟ್ಟಣವನ್ನು ಕಾರಿಲ್ಲದವರು ಬೇರೆ ರೀತಿಯಲ್ಲಿ ಕಾಣಬೇಕು. ಚೀಲ ಹೊತ್ತುಕೊಂಡು ನಡುವೆ ಇಳಿಯುವ ಬದಲು ಮೊದಲು ಮೈಸೂರಿನಲ್ಲಿ ಸಾಮಾನಿಳಿಸಿ, ಮರುದಿನ ಬೆಳಗ್ಗೆ ಬರಿಗೈಯಲ್ಲಿ ಪ್ಯಾಸೆಂಜರ್ ರೈಲಿನಲ್ಲೋ ಬಸ್ಸಿನಲ್ಲೋ ಅರ್ಧ ದಿನಕ್ಕೆ ಹೋಗಿಬರುವುದು ಲೇಸು, ಏಕೆಂದರೆ ರಂಗನಾಥಸ್ವಾಮಿ ದೇವಾಲಯ ರೈಲು ನಿಲ್ದಾಣಕ್ಕೆ ಹತ್ತಿರವಿದ್ದರೂ ದರಿಯಾ ದೌಲತ್ ಮತ್ತು ಗುಂಬಜ್ ಕೋಟೆಯ ಹೊರಗೆ ಪೂರ್ವಕ್ಕೆ ದೂರ ಹಬ್ಬಿವೆ. ಕೋಣೆ ಖಾಲಿಮಾಡಿದ ಕೊನೆಯ ದಿನ ರೈಲು ನಿಲ್ದಾಣದ ಕ್ಲಾಕ್ ರೂಮು ಉಪಯೋಗಕ್ಕೆ ಬರುತ್ತದೆ, ಚೀಲಕ್ಕೆ ಬೀಗ ಹಾಕಿರಬೇಕೆಂಬ ನಿಯಮ ನೆನಪಿದ್ದರೆ.

ಈ ಕ್ರಮ ಸೋಲುವ ಜಾಗಗಳನ್ನೂ ಹೇಳಬೇಕು. ಸಾರಿಗೆ ತಜ್ಞರು ಕೊನೆಯ ಹಂತದ ಸಂಪರ್ಕ ಎಂದು ಕರೆಯುವುದು, ಅಂದರೆ ಬಸ್ಸೋ ರೈಲೋ ಇಳಿಸಿದ ಕಡೆಯಿಂದ ತಲುಪಬೇಕಾದ ಬಾಗಿಲಿನವರೆಗಿನ ದಾರಿ, ನಗರದಿಂದ ಹೊರಗೆ ಕಾಲಿಟ್ಟ ಕೂಡಲೇ ತೆಳ್ಳಗಾಗುತ್ತದೆ. 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ರಂಗನತಿಟ್ಟಿಗೆ ಶ್ರೀರಂಗಪಟ್ಟಣದಿಂದ ಆಟೋ ಹಿಡಿಯುವುದೇ ದಾರಿ, ಹಕ್ಕಿಗಳು ಹೆಚ್ಚು ಚುರುಕಾಗಿರುವ ಬೆಳಗಿನ ಹೊತ್ತಿಗೆ ಅದೂ ಅಷ್ಟು ಸುಲಭವಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯ ಮೈಸೂರಿನಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿದ್ದರೂ, ಬನ್ನೂರಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ ಬಸ್ಸು ಬದಲಿಸಿ ಹೋಗಿಬರುವಷ್ಟರಲ್ಲಿ ದಿನದ ಬಹುಪಾಲು ಕಳೆಯುತ್ತದೆ. ಇಲ್ಲಿ ಅಡ್ಡಿಯಾಗುವುದು ದೂರಕ್ಕಿಂತ ಹೆಚ್ಚಾಗಿ ಒಂದು ಬಸ್ಸಿಗೂ ಮುಂದಿನ ಬಸ್ಸಿಗೂ ನಡುವಿನ ಬಿಡುವು. ಆ ಬಿಡುವನ್ನು ಮರದ ನೆರಳಲ್ಲಿ ಕುಳಿತು ಕಳೆಯುವ ತಾಳ್ಮೆಯುಳ್ಳವರಿಗೆ ಇದು ತೊಡಕಲ್ಲ, ಆದರೆ ಎರಡೇ ದಿನವಿರುವವರಿಂದ ಆ ತಾಳ್ಮೆಯನ್ನು ನಿರೀಕ್ಷಿಸುವುದು ಅನ್ಯಾಯ. ಅಂಥ ಒಂದು ಅರ್ಧ ದಿನಕ್ಕೆ ಬಾಡಿಗೆ ಟ್ಯಾಕ್ಸಿ ಗೊತ್ತುಮಾಡುವುದು ಕಾರಿಲ್ಲದ ಪ್ರವಾಸದ ಶುದ್ಧತೆಗೆ ಧಕ್ಕೆ ತರುತ್ತದೆಂದು ವಾದಿಸುವ ಮಡಿವಂತಿಕೆಗೆ ಅರ್ಥವಿಲ್ಲ. ಬೇಕಾದಾಗ ಹಿಡಿದು ಕೆಲಸ ಮುಗಿದ ಮೇಲೆ ಬಿಟ್ಟುಬಿಡುವ ಗಾಡಿಗೂ, ಎರಡು ದಿನವೂ ಕಾಯಬೇಕಾದ, ನಿಲ್ಲಿಸಲು ಜಾಗ ಹುಡುಕಬೇಕಾದ ಗಾಡಿಗೂ ದೊಡ್ಡ ಅಂತರವಿದೆ.

ನಗರವೇ ಒದಗಿಸಿದ ಎರಡು ಪರ್ಯಾಯಗಳು ಪ್ರವಾಸಿಗರ ಮಟ್ಟಿಗೆ ಅರ್ಧ ಫಲ ಕೊಟ್ಟಿವೆ. 2017ರ ಜೂನ್‌ನಲ್ಲಿ 450 ಸೈಕಲ್ಲುಗಳು ಮತ್ತು ಅವನ್ನು ಪಡೆದು ಹಿಂದಿರುಗಿಸುವ 48 ತಾಣಗಳೊಂದಿಗೆ ಶುರುವಾದ ಟ್ರಿಣ್ ಟ್ರಿಣ್ ಯೋಜನೆ ದೇಶದ ಗಮನ ಸೆಳೆಯಿತಾದರೂ, ಗುರುತಿನ ಚೀಟಿ ತೋರಿಸಿ ಠೇವಣಿಯಿಟ್ಟು ಸದಸ್ಯರಾಗುವ ಅದರ ಮೊದಲ ವಿಧಾನ ಊರವರನ್ನು ಕಣ್ಣಮುಂದಿಟ್ಟುಕೊಂಡದ್ದು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಂಬಾರಿ ಎಂಬ ತೆರೆದ ಮಾಳಿಗೆಯ ಬಸ್ಸಿನಲ್ಲಿ ಮಕ್ಕಳಿಗೆ ಖುಷಿಯಿದೆ, ಒಂದು ಕಡೆಯಿಂದ ಮತ್ತೊಂದು ಕಡೆಗೆ ತಲುಪಿಸುವ ಸಾರಿಗೆಯಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಾಗದು.

ಖರ್ಚಿನ ವಾದ ಮಾತ್ರ ಈಚೆಗೆ ಬದಲಾಗಿದೆ. ನಾಲ್ಕು ಜನರಿದ್ದರೆ ಕಾರೇ ಅಗ್ಗ ಎಂಬ ಹಳೆಯ ಲೆಕ್ಕವನ್ನು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ತಲೆಕೆಳಗು ಮಾಡಿತು, ಏಕೆಂದರೆ ಕರ್ನಾಟಕದ ನಿವಾಸಿಗಳಾದ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ, ಮೈಸೂರಿನ ನಗರ ಬಸ್ಸುಗಳಲ್ಲೂ ಸೇರಿ, ಟಿಕೆಟ್ಟಿನ ಹಣವಿಲ್ಲ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ತಾಯಿ, ಮಗಳು, ಅತ್ತೆ ಒಟ್ಟಾಗಿ ಹೊರಡುವ ಪ್ರವಾಸಗಳು ವಾರಾಂತ್ಯದ ಬಸ್ಸುಗಳಲ್ಲಿ ಕಾಣಸಿಗುವುದರ ಹಿಂದೆ ಈ ಲೆಕ್ಕವೂ ಇದೆ. ಅದೇ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರದ ಹೊತ್ತುಗಳಿರುತ್ತವೆಂಬುದು ಲಾಭದ ಮತ್ತೊಂದು ಮುಖ, ವಯಸ್ಸಾದವರೊಂದಿಗೆ ಹೊರಡುವವರು ರೈಲಿನ ಕಾಯ್ದಿರಿಸಿದ ಆಸನಕ್ಕೆ ಹಣ ಕೊಡುವುದು ಅದಕ್ಕಾಗಿಯೇ.

ಕೊನೆಯದಾಗಿ ಉಳಿಯುವುದು ಬೃಂದಾವನ. ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಈ ಉದ್ಯಾನಕ್ಕೆ ಹೋಗುವ ಬಸ್ಸು ಹೇರಳ, ಆದರೆ ಅಲ್ಲಿನ ಆಕರ್ಷಣೆಯಾದ ಸಂಗೀತ ಕಾರಂಜಿ ಕತ್ತಲಾದ ಮೇಲಿನದು. ಅದು ಮುಗಿದ ಕೂಡಲೇ ಸಾವಿರಾರು ಜನ ಒಮ್ಮೆಲೇ ಹೊರಬಿದ್ದು ಇದ್ದ ಕೆಲವೇ ಬಸ್ಸುಗಳಿಗೆ ಮುಗಿಬೀಳುತ್ತಾರೆ. ಕಾರಿಲ್ಲದ ಯೋಜನೆಯಲ್ಲಿ ಇದನ್ನು ಮೊದಲ ಸಂಜೆಗೆ ಇಡಬೇಕೇ ಹೊರತು ರೈಲು ಹಿಡಿಯಬೇಕಾದ ಎರಡನೆಯ ಸಂಜೆಗೆ ಎಂದೂ ಇಡಬಾರದು. ಹೋಗುವಾಗಲೇ ಕಂಡಕ್ಟರನ್ನು ಕೇಳಿ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ತಿಳಿದುಕೊಂಡು, ಕಾರಂಜಿ ಮುಗಿಯುವುದಕ್ಕೆ ಕಾಲು ಗಂಟೆ ಮೊದಲೇ ಎದ್ದು ಬರಬೇಕು. ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲಿಯೇ ಮಿತ್ರ ಎಂಬ ಹೆಸರಿನಲ್ಲಿ ಉಪಗ್ರಹ ಆಧಾರಿತ ಮಾಹಿತಿ ವ್ಯವಸ್ಥೆಯನ್ನು ಅಳವಡಿಸಿ, ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ನಿಲ್ದಾಣದ ಫಲಕಗಳಲ್ಲಿ ತೋರಿಸುವ ಪ್ರಯತ್ನ ನಡೆದಿತ್ತು. ಮೈಸೂರಿನ ಮಾರ್ಗದರ್ಶಿಗಳು ಕಾರಂಜಿ ಶುರುವಾಗುವ ಸಮಯವನ್ನು ಇಂದಿಗೂ ದಪ್ಪಕ್ಷರದಲ್ಲಿ ಅಚ್ಚುಮಾಡುತ್ತವೆ; ಮರಳುವ ಬಸ್ಸಿನ ಸಮಯಕ್ಕೆ ಅವುಗಳಲ್ಲಿ ಒಂದು ಸಾಲೂ ಮೀಸಲಾಗಿಲ್ಲ.