ಬೇಡುವ ಇಂಗ್ಲಿಷು

ಇಂಗ್ಲಿಷ್ ಬಿಡುಗಡೆಯ ಭಾಷೆ ಎಂಬ ಮಾತಿಗೆ ನಮ್ಮಲ್ಲಿ ಗಟ್ಟಿ ಪರಂಪರೆಯಿದೆ. ಸಾವಿತ್ರಿಬಾಯಿ ಫುಲೆ 1854ರ 'ಕಾವ್ಯಫುಲೆ'ಯಲ್ಲೇ ಅದನ್ನು ತಾಯಿ ಎಂದರು. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಹಳ್ಳಿಯ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ದೇವಿಯ ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಸಂವಿಧಾನ. ಆ ಪೆನ್ನಿನಿಂದ ಮೊದಲು ಬರೆಸುವುದೇನು ಅನ್ನೋದು ನನ್ನ ಪ್ರಶ್ನೆ.

ಸಂಜೆ ಹೊತ್ತು ಪೌರಕಾರ್ಮಿಕರಿಗೆ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ಗೈಡಿನ ಮೊದಲ ಮಾದರಿ ರಜಾ ಅರ್ಜಿ: 'ಐ ಬೆಗ್ ಟು' ಎಂದು ಶುರು, 'ಯುವರ್ಸ್ ಒಬೀಡಿಯಂಟ್ಲಿ' ಎಂದು ಮುಕ್ತಾಯ. ಅರ್ಥ ಹೇಳಿದೆ: ಬೇಡಿಕೊಳ್ತೀನಿ, ತಮ್ಮ ವಿಧೇಯ. ಐವತ್ತು ದಾಟಿದ ಅಕ್ಕ ಒಬ್ಬರು, "ಇದನ್ನ ಕನ್ನಡದಲ್ಲೇ ಮಾಡ್ಕಂಡು ಬಂದಿದೀವಲ್ಲ ಸಾ, ಇಂಗ್ಲಿಷ್ ಯಾಕೆ?" ಅಂದರು.

ನನ್ನ ಎಂ.ಎ. ಓದು ಕೇಳದ ಪ್ರಶ್ನೆ ಇದು. ಕಾವ್ಯ, ಕಾದಂಬರಿಗಳಲ್ಲಿ ಯಜಮಾನಿಕೆ ಹುಡುಕುವ ನಾವು ಗೈಡುಗಳನ್ನು ಮುಟ್ಟುವುದಿಲ್ಲ. ನಕಲು ಮಾಡುವ ಕೈ ಅಕ್ಷರದ ಜೊತೆ ಬಾಗುವುದನ್ನೂ ಕಲಿಯುತ್ತೆ. ಇಂಗ್ಲಿಷಿನ 'ನಾನು' ವಾಕ್ಯದ ನಡುವೆ ಬಂದರೂ ದೊಡ್ಡಕ್ಷರ. ಅದರ ಪಕ್ಕದಲ್ಲೇ ಬೇಡುವ ಕ್ರಿಯಾಪದ!

ಅಳಿಸಿ, 'ಐ ನೀಡ್ ಲೀವ್' ಬರೆಸಿದೆ. ಅಕ್ಕ ಹಾಗೇ ಅರ್ಜಿ ಕೊಟ್ಟರು. "ಏನಿದು ದರ್ಬಾರು?" ಅಂದರಂತೆ ಕಚೇರಿಯವರು, ರಜೆ ಸಿಗಲಿಲ್ಲ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಕಲಿಸಿದ ನನಗೆ ಸಂಬಳ ಕಡಿತವಾಗಲಿಲ್ಲ. ಈಗ ಎರಡೂ ಅರ್ಜಿ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾವುದು ಯಾರ ಭಾಷೆ, ಯಾವುದಕ್ಕೆಷ್ಟು ಬೆಲೆ ಅಂತ ಅವರೇ ವಿಮರ್ಶೆ ಮಾಡ್ತಾರೆ.