‘ಭಾವಿಸತಕ್ಕದ್ದು’

ಜಂಟಿ ಪರಿಶೀಲನಾ ಸಮಿತಿಗೆ ಈಚೆಗೆ ಅದರ ಯೋಗ್ಯತೆ ಮೀರಿದ ಹೆಸರು ಬಂದಿದೆ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈನಲ್ಲಿ ಮಂಡನೆಯಾಯಿತು, ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಸಮಿತಿಗೆ ಹೋಯಿತು, 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಆಮೇಲಂತೂ ಗುಣಗಾನವೋ ಗುಣಗಾನ. ಶಾಸನ ಮಾಡಿದರೆ ಹೀಗೆ ಮಾಡಬೇಕು, ಸದನದಲ್ಲಿ ಕೂಗಾಡುವುದಕ್ಕಿಂತ ಕೋಣೆಯಲ್ಲಿ ಕೂತು ತಿದ್ದುವುದು ಮೇಲು, ಇತ್ಯಾದಿ. ಮೂರು ವಾಚನ, ಖಂಡವಾರು ಮತ, ಧ್ವನಿಮತ ಇವೆಲ್ಲ ಓದುಗರಿಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ.

ಸಮಿತಿಯ ಬಾಗಿಲು ಯಾರಿಗೆ ತೆರೆಯಿತು ಎಂದು ಮಾತ್ರ ನೋಡೋಣ. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ, ಕೆ.ಎನ್. ರಾಜಣ್ಣ ಸಮಿತಿ. 2020ರಲ್ಲಿ ಬಿಬಿಎಂಪಿ ವಿಧೇಯಕ, ಎಸ್. ರಘು ಸಮಿತಿ. 2024ರದ್ದು ಮೇಲೆ ಹೇಳಿದೆ. ಎರಡು ಬೆಂಗಳೂರಿನವೇ. ಇನ್ನೊಂದರಲ್ಲಿ ಬಾಯಿ ಇದ್ದವರು ವೈದ್ಯರು. ಸಮಿತಿ ಕೂತೆದ್ದ ಮೇಲೂ ಅವರು ನವೆಂಬರ್‌ನಲ್ಲಿ ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಹೂಡಿದರು. ವಿಧೇಯಕ ಮೆತ್ತಗಾದದ್ದು ಮುಖ್ಯಮಂತ್ರಿಗಳ ಜೊತೆಗಿನ ಮಾತುಕತೆಯಲ್ಲಿ. ಸಮಿತಿಯ ವರದಿ ಕಪಾಟು ಸೇರಿತು.

ಅದೇ 2020ರಲ್ಲಿ ಭೂಸುಧಾರಣಾ ತಿದ್ದುಪಡಿಯೂ ಬಂತು. ಜುಲೈನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ವಿಧಾನಸಭೆ, ಡಿಸೆಂಬರ್ 8ಕ್ಕೆ ಜೆಡಿಎಸ್ ಕೈಜೋಡಿಸಿ ವಿಧಾನ ಪರಿಷತ್ತು. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ–ನ್ಯಾಮತಿಯ ಗದ್ದೆ, ಜಗಳೂರಿನ ಖುಷ್ಕಿ ಹೊಲ, ಎಲ್ಲಕ್ಕೂ ತಟ್ಟುವ ಈ ಕಾನೂನನ್ನು ಯಾವ ಪರಿಶೀಲನಾ ಸಮಿತಿಯೂ ಬಿಚ್ಚಿ ನೋಡಲಿಲ್ಲ. ವಿಧೇಯಕವನ್ನು ಸಮಿತಿಗೆ ಕಳಿಸಲು ಸದನದಲ್ಲಿ ಪ್ರಸ್ತಾವ ಬೇಕು. ಬಹುಮತ ಇದ್ದವರಿಗೆ ಮನಸ್ಸಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಆ ತಿದ್ದುಪಡಿಯ ಒಂದೇ ಒಂದು ಖಂಡ ನನ್ನ ತಲೆ ತಿನ್ನುತ್ತಿದೆ. 79ಎ, 79ಬಿ, 79ಸಿ ಪ್ರಕರಣಗಳನ್ನು ತೆಗೆದುಹಾಕುವ ಖಂಡ ಅದು. 79ಎ ಪ್ರಕಾರ ಕೃಷಿಯೇತರ ವರಮಾನ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2015ರಿಂದ ಆ ಮಿತಿ 25 ಲಕ್ಷ. 79ಬಿ ಕೃಷಿಕರಲ್ಲದವರನ್ನು ಹೊರಗಿಟ್ಟಿತ್ತು. ಇನ್ನು ಮುಂದೆ ಇವು ಇಲ್ಲ ಎಂದಿದ್ದರೆ ಅದೊಂದು ನೀತಿ, ಒಪ್ಪಬಹುದು, ಜಗಳಾಡಬಹುದು. ಖಂಡ ಹೇಳುವುದು ಬೇರೆ: 1974ರ ಮಾರ್ಚ್ 1ರಿಂದಲೇ ಇವನ್ನು ಬಿಟ್ಟುಬಿಡಲಾಗಿದೆಯೆಂದು ಭಾವಿಸತಕ್ಕದ್ದು. ಅಂದರೆ ದೇವರಾಜ ಅರಸರ ತಿದ್ದುಪಡಿ ಜಾರಿಗೆ ಬಂದ ದಿನದಿಂದಲೇ!

‘ಭಾವಿಸತಕ್ಕದ್ದು’ ಶಾಸನದ ಕನ್ನಡದಲ್ಲಿ ಸವಕಲು ಪದ. ಬೆರಳಚ್ಚುಗಾರನೂ ಕಣ್ಣುಮುಚ್ಚಿ ಹೊಡೆಯುತ್ತಾನೆ. ಇಲ್ಲಿ ಮಾತ್ರ ಅದು 46 ವರ್ಷಗಳನ್ನು ನುಂಗಿದೆ. ಕಾನೂನಿಗೆ ಹೆದರಿ ಜಮೀನು ಕೊಳ್ಳದೆ ಉಳಿದವನು ದಡ್ಡನಾದ. ಸುಳ್ಳು ಕೃಷಿಕ ಪ್ರಮಾಣಪತ್ರ ಮಾಡಿಸಿ ಕೊಂಡು, ಕೇಸು ಹಾಕಿಸಿಕೊಂಡು ಕಚೇರಿ ಅಲೆಯುತ್ತಿದ್ದವನು ನಿರಾಳನಾದ. ನ್ಯಾಮತಿಯ ಹೋಟೆಲೊಂದರಲ್ಲಿ ಮಂಡಕ್ಕಿ ತಿನ್ನುತ್ತ ಈ ಖಂಡವನ್ನು ಹಿರಿಯರೊಬ್ಬರಿಗೆ ಓದಿ ಹೇಳಿದೆ. ಮೆಣಸಿನಕಾಯಿಯ ತೊಟ್ಟು ಪಕ್ಕಕ್ಕಿಟ್ಟು ಕೇಳಿದರು: “ಹಂಗಾರೆ ಕೊಳ್ಳೋರು ಇಲ್ಲ ಅಂತ ನಮ್ಮಪ್ಪ ಕಮ್ಮಿ ರೇಟಿಗೆ ಕೊಟ್ನಲ್ಲ, ಅದನ್ನೂ ಕೊಟ್ಟಿಲ್ಲ ಅಂತ ಭಾವಿಸ್ಬೇಕೇನ್ರಿ?”

ಸಮಿತಿಯೊಂದು ಕೇಳಬೇಕಿದ್ದ ಪ್ರಶ್ನೆ ಇದು. ಈ ಸೆಕ್ಷನ್‌ಗಳು ಅಧಿಕಾರಿಗಳಿಗೆ ಮೇವಾಗಿವೆ, ಮೊಕದ್ದಮೆಗಳು ಕೊಳೆಯುತ್ತಿವೆ ಎಂದು ಸರ್ಕಾರ ಹೇಳಿತು. ಅದರಲ್ಲಿ ಸುಳ್ಳಿಲ್ಲ. ಲಂಚ ನಿಲ್ಲಿಸಲು 2020ರ ದಿನಾಂಕವೇ ಸಾಕಿತ್ತಲ್ಲ, 1974 ಏಕೆ ಬೇಕಾಯಿತು ಎಂಬುದಕ್ಕೆ ಮಾತ್ರ ಇದು ಉತ್ತರವಲ್ಲ.

ಇಷ್ಟು ಹೇಳಿದೊಡನೆ ಬೆಂಗಳೂರಿನ ಶಾಸನಸಭಾ ವಿಮರ್ಶಕರು ಕೇರಳದ ಕಡೆ ಕೈ ತೋರಿಸುತ್ತಾರೆ. ಇವರು ಅಧಿವೇಶನದ ದಿನ ಎಣಿಸುವವರು, ಎಷ್ಟು ವಿಧೇಯಕ ಸಮಿತಿಗೆ ಹೋದವೆಂದು ಶೇಕಡಾವಾರು ಪಟ್ಟಿ ಹಾಕುವವರು. ಕೇರಳದಲ್ಲಿ ವಿಧೇಯಕಗಳು ವಿಷಯ ಸಮಿತಿಗೆ ಹೋಗುವುದು ವಾಡಿಕೆ, ನಿಜ. ಆ ಸಮಿತಿಗೆ ಅಧ್ಯಕ್ಷರು ಆಯಾ ಖಾತೆಯ ಸಚಿವರೇ ಎಂಬುದನ್ನು ಅವರ ಪಟ್ಟಿ ಹೇಳುವುದಿಲ್ಲ. ಸೊಸೆಯ ದೂರನ್ನು ಅತ್ತೆಯೇ ವಿಚಾರಿಸಿದ ಹಾಗೆ.

ನಮ್ಮ ಚರಿತ್ರೆಯೂ ಅವರಿಗೆ ಬೇಡ. 1958ರಲ್ಲಿ ಮಂಡನೆಯಾದ ಮೈಸೂರು ಭೂಸುಧಾರಣಾ ವಿಧೇಯಕ ಜಂಟಿ ಸಮಿತಿ ಹೊಕ್ಕು ಹೊರಬಂತು, 1961ರಲ್ಲಿ ಅಂಗೀಕಾರವಾಯಿತು, ಜಾರಿಯಾದದ್ದು 1965ರ ಅಕ್ಟೋಬರ್ 2ಕ್ಕೆ. ಕಾಗೋಡಿನಲ್ಲಿ ಗೇಣಿದಾರರು ಹೊಲಕ್ಕಿಳಿದದ್ದು 1951ರಲ್ಲಿ. ಸಮಿತಿಯ ಎಳೆದಾಟದಷ್ಟು ಕಾಲವೂ ಒಡೆಯರಿಗೆ ಸಿಕ್ಕ ಗಡುವು. ಸ್ವಂತ ಸಾಗುವಳಿಗೆ ಜಮೀನು ಬಿಡಿಸಿಕೊಳ್ಳುವ ಕಿಂಡಿಯೂ ಕಾಯ್ದೆಯಲ್ಲಿ ಉಳಿಯಿತು. ನಿಧಾನವೇ ಪ್ರಧಾನ ಎನ್ನುವವರು ಇದನ್ನು ಎದುರಿಸಿ ಮಾತಾಡಲಿ.

ಹಾಗೆಂದು ಸಮಿತಿ ಬೇಡವೆಂದಲ್ಲ. ಬೇಕು, ಆದರೆ ಅದು ವಿಧಾನಸೌಧದ ಕೋಣೆ ಬಿಟ್ಟು ಏಳಬೇಕು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು; ಮಾತಿಗೆ ಈ ಸೀಮೆಯಲ್ಲಿ ಬರವಿಲ್ಲ. ಆದರೆ ಜಗಳೂರಿನವನು 200 ಕಿ.ಮೀ.ಗೂ ಹೆಚ್ಚು ಬಸ್ಸಿನಲ್ಲಿ ಕೂತು ಅಹವಾಲು ಕೊಡಲು ಬೆಂಗಳೂರಿಗೆ ಹೋಗಬೇಕಾದರೆ ಎರಡು ದಿನದ ಕೂಲಿ ಹೋಯಿತು ಎಂದೇ ಲೆಕ್ಕ.

ಮೊನ್ನೆ ಜಗಳೂರಿನ ಕಡೆ ಹೋಗಿದ್ದೆ. ಬಿತ್ತನೆಯಿಲ್ಲದ ಹೊಲದ ಸುತ್ತ ಹೊಸ ಕಲ್ಲುಕಂಬ, ನಾಲ್ಕೆಳೆ ಮುಳ್ಳುತಂತಿ, ನೀಲಿ ಬಣ್ಣದ ಕಬ್ಬಿಣದ ಗೇಟು. ಗೇಟಿಗೆ ಕಟ್ಟಿದ ತಗಡಿನ ಮೇಲೆ ಹೆಸರಿರಲಿಲ್ಲ, ಬರೀ ಒಂದು ಫೋನ್ ನಂಬರ್. 080ಯಿಂದ ಶುರುವಾಗಿತ್ತು.